ಐದೂವರೆ ಅಡಿ ದೇಹ, ಒಂದು ಗೇಣು ಜಾಗ

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದ ಎತ್ತರ ಹಳೆಯ ಗೆಜೆಟಿಯರ್ ಲೆಕ್ಕದಲ್ಲಿ 4,399 ಅಡಿ. ನೆರೆಯ ರಹಮಾನ್‌ಗಡದ್ದು 4,227. ಬ್ರಿಟಿಷರ ಕಾಲದ ಸರ್ವೆಯವರು ಒಂದಡಿಯನ್ನೂ ಬಿಡದೆ ಅಳೆದು ಬರೆದಿಟ್ಟ ಅಂಕಿಗಳಿವು. ಬೆಟ್ಟ ನಿಂತಿರುವುದರಲ್ಲಿ ದೊಡ್ಡ ವಿಶೇಷವೇನಿಲ್ಲ. ತಳ ಅಗಲ, ತುದಿ ಕಿರಿದು, ಬೀಳುವ ದಾರಿಯೇ ಅದಕ್ಕಿಲ್ಲ. ಲೆಕ್ಕಕ್ಕೆ ಸಿಗದ ಸಾಹಸ ಮಾಡುತ್ತಿರುವವನು ಅದರ ನೆತ್ತಿಯ ಬಂಡೆಯ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕೈವಾರದ ಕಡೆ ನೋಡುತ್ತಿರುವ ಮನುಷ್ಯ.

ಅವನ ಅಳತೆ ತೆಗೆಯೋಣ. ಐದೂವರೆ ಅಡಿ, ಅಂದರೆ ಸುಮಾರು 165 ಸೆಂ.ಮೀ. ಎತ್ತರದ ದೇಹ. ಅದರ ತೂಕದ ಕೇಂದ್ರ ಎತ್ತರದ ಶೇ 55ರ ಹತ್ತಿರ, ನೆಲದಿಂದ 90 ಸೆಂ.ಮೀ. ಮೇಲೆ, ಹೊಕ್ಕುಳದಿಂದ ಸ್ವಲ್ಪ ಕೆಳಗೆ, ಬೆನ್ನುಮೂಳೆಯ ಬುಡದ ಮುಂದೆ ಇರುತ್ತದೆ. ಭಾರವೆಲ್ಲ ಮೇಲೆ, ಆಧಾರ ಕೆಳಗೆ ಎರಡು ಪಾದ. ಪಾದ ಎತ್ತದೆ, ಹೆಜ್ಜೆ ಹಾಕದೆ ಇವನು ಮುಂದಕ್ಕೆ ವಾಲಬಹುದಾದದ್ದು ಹೆಚ್ಚೆಂದರೆ 8 ಡಿಗ್ರಿ, ಹಿಂದಕ್ಕೆ ನಾಲ್ಕೂವರೆ ಡಿಗ್ರಿ. ತೂಕದ ಕೇಂದ್ರದ ಎತ್ತರಕ್ಕೆ ಇದನ್ನು ಗುಣಿಸಿದರೆ ಮುಂದೆ 12.5 ಸೆಂ.ಮೀ., ಹಿಂದೆ 7 ಸೆಂ.ಮೀ. ಒಟ್ಟು ಇಪ್ಪತ್ತು ಸೆಂಟಿಮೀಟರೂ ಆಗಲಿಲ್ಲ. ಒಂದು ಗೇಣಿಗಿಂತ ಕಡಿಮೆ! ಸಾಲಲ್ಲಿ ನಿಲ್ಲುವುದು, ದೇವರ ಮುಂದೆ ಕೈಮುಗಿಯುವುದು, ಬಸ್ಸಿಗೆ ಕಾಯುವುದು, ಹರಟೆ ಹೊಡೆಯುವುದು, ಎಲ್ಲವನ್ನೂ ಮನುಷ್ಯ ಈ ಗೇಣಿನೊಳಗೇ ಮಾಡಿಕೊಳ್ಳಬೇಕು. ಗೆರೆ ದಾಟಿದರೆ ಒಂದು ಹೆಜ್ಜೆ ಇಡಬೇಕು, ಇಲ್ಲವೆ ಬೀಳಬೇಕು.

ಅಲುಗಾಡದೆ ನಿಂತಿದ್ದೇನೆ ಎಂದು ಅವನು ತಿಳಿದಿರುತ್ತಾನೆ. ಸುಳ್ಳು. ಒತ್ತಡ ಅಳೆಯುವ ಹಲಗೆಯ ಮೇಲೆ ನಿಲ್ಲಿಸಿದರೆ ಎಷ್ಟೇ ಗಟ್ಟಿ ಆಳಾದರೂ ಮಿಲಿಮೀಟರುಗಳ ಲೆಕ್ಕದಲ್ಲಿ ಹಿಂದೆ ಮುಂದೆ ತೂಗುತ್ತಲೇ ಇರುತ್ತಾನೆ. ನಿಲ್ಲುವುದೆಂದರೆ ಬೀಳುತ್ತ ಬೀಳುತ್ತ, ಪ್ರತಿ ಸಲವೂ ಹಿಮ್ಮಡಿಯ ಸ್ನಾಯು ಎಳೆದು ಹಿಡಿಯುವುದು.

ನಡಿಗೆಯ ಲೆಕ್ಕ ಇನ್ನೂ ಭಯ ಹುಟ್ಟಿಸುವಂಥದ್ದು. ನಡೆಯುವಾಗ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವುದು ನೂರರಲ್ಲಿ ಇಪ್ಪತ್ತು ಪಾಲು ಹೊತ್ತು ಮಾತ್ರ. ಉಳಿದ ಎಂಬತ್ತು ಪಾಲು ಒಂಟಿಕಾಲಿನ ಸೇವೆ. ಮುಂದೆ ಬೀಸಿ ಬರುವ ಕಾಲಿನ ಬೆರಳ ತುದಿಗೂ ನೆಲಕ್ಕೂ ಇರುವ ಅಂತರ ಅತಿ ಕಡಿಮೆಯಾದ ಗಳಿಗೆಯಲ್ಲಿ ಒಂದೂಕಾಲು ಸೆಂಟಿಮೀಟರಿನ ಆಸುಪಾಸು. ದಿನಕ್ಕೆ ಐದು ಸಾವಿರ ಹೆಜ್ಜೆ ಎಂದುಕೊಂಡರೆ ವರ್ಷಕ್ಕೆ 18 ಲಕ್ಷ, ಅರುವತ್ತು ವರ್ಷಕ್ಕೆ ಹತ್ತಿರ ಹತ್ತಿರ 11 ಕೋಟಿ ಹೆಜ್ಜೆ. ಹನ್ನೊಂದು ಕೋಟಿ ಸಲ ಒಂದೂಕಾಲು ಸೆಂಟಿಮೀಟರಿನಲ್ಲಿ ಪಾರಾಗುತ್ತೇವೆ. ನಾವು ನೆನಪಿಟ್ಟುಕೊಳ್ಳುವುದು ಎಡವಿದ ನಾಲ್ಕೈದನ್ನು.

ಆಯ ತಪ್ಪಿದ ಕ್ಷಣದಿಂದ ಸೊಂಟ ನೆಲಕ್ಕೆ ಬಡಿಯುವವರೆಗೆ ಎಷ್ಟು ಹೊತ್ತು? ಮೆತ್ತೆಯ ಮೇಲೆ ಜನರನ್ನು ಬೇಕೆಂದೇ ಬೀಳಿಸಿ ಅಳೆದಿದ್ದಾರೆ. ಸುಮಾರು 0.7 ಸೆಕೆಂಡು. ಅಷ್ಟರೊಳಗೆ ಪಾದದಿಂದ ಸುದ್ದಿ ಹೋಗಬೇಕು, ತೀರ್ಮಾನವಾಗಬೇಕು, ಅಪ್ಪಣೆ ಹಿಂದಿರುಗಬೇಕು, ಸ್ನಾಯು ಬಿಗಿಯಬೇಕು. ಕಾಲಿನ ವೇಗದ ನರಗಳಲ್ಲಿ ಸುದ್ದಿ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ಜಾರಿದ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಹಿಮ್ಮಡಿಯ ಮೊದಲ ಪ್ರತಿವರ್ತನೆ ಬರುತ್ತದೆ. ಹತ್ತನೇ ಒಂದು ಭಾಗದ ಹೊತ್ತಿಗೆ ಇಡೀ ಮೈ ತಾನಾಗಿ ಸಾವರಿಸಿಕೊಳ್ಳುತ್ತದೆ. ‘ಅಯ್ಯೋ ಬೀಳ್ತಿದ್ದೀನಿ’ ಎಂದು ಯೋಚಿಸಿ ಬೇಕೆಂದೇ ಕೈಕಾಲು ಆಡಿಸುವುದು ಅದರ ಎರಡು ಪಟ್ಟು ಹೊತ್ತಿನ ಕೆಲಸ. ಯೋಚನೆ ಬರುವ ಮೊದಲೇ ನೀವು ಬಚಾವಾಗಿರುತ್ತೀರಿ. ವಯಸ್ಸಾದಂತೆ ಈ ಹತ್ತನೇ ಒಂದು ಭಾಗ ಕೊಂಚ ಕೊಂಚವೇ ಹಿಗ್ಗುತ್ತದೆ. ಬೀಳಲು ಅಷ್ಟೇ ಸಾಕು. 60 ಕಿಲೋ ತೂಕದವರ ಸೊಂಟ 90 ಸೆಂ.ಮೀ. ಎತ್ತರದಿಂದ ಇಳಿದರೆ ಹುಟ್ಟುವ ಶಕ್ತಿ 500 ಜೂಲಿಗಿಂತ ಹೆಚ್ಚು, ಸವೆದ ತೊಡೆಮೂಳೆಯ ಕುತ್ತಿಗೆ ಮುರಿಯಲು ಅದರ ಸಣ್ಣ ಪಾಲು ಸಾಕು.

ಈ ಕಾವಲಿನ ಒಂದು ಮುಖ್ಯ ಠಾಣೆ ಕಿವಿಯ ಹಿಂದಿನ ಎಲುಬಿನೊಳಗಿದೆ. ಒಂದೊಂದು ಕಿವಿಯಲ್ಲಿ ಮೂರು ಅರೆವೃತ್ತದ ಕೊಳವೆಗಳು, ಒಂದಕ್ಕೊಂದು ಅಡ್ಡಡ್ಡ, ಮೂರು ದಿಕ್ಕಿಗೆ ಮೂರು. ಕೊಳವೆಯ ಒಳಗಿನ ಅಗಲ ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಅದರೊಳಗೆ ನೀರಿನಂಥ ದ್ರವ. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ಹಿನ್ನಡೆಯೇ ಮಿದುಳಿಗೆ ಸುದ್ದಿ. ಪಕ್ಕದಲ್ಲಿ ಎರಡು ಚೀಲಗಳು, ಅವುಗಳ ತಳದ ಅಂಟಿನ ಮೇಲೆ ಸುಣ್ಣದ ಹರಳುಗಳ ಹಾಸು. ಭೂಮಿ ಯಾವ ಕಡೆಗಿದೆ ಎಂದು ಹೇಳುವುದು ಈ ಹರಳುಗಳ ತೂಕ. ಒಂದು ಹರಳು ಸುಮಾರು ಹತ್ತು ಮೈಕ್ರಾನ್. ಒಂದೂವರೆ ಮಿಲಿಮೀಟರಿನ ರಾಗಿ ಕಾಳಿನ ಅಗಲಕ್ಕೆ ನೂರೈವತ್ತನ್ನು ಸಾಲಾಗಿ ಜೋಡಿಸಬಹುದು. ಆಧಾರವೆಂದು ನಂಬಿ ನಾವು ಬೆಟ್ಟ ಹತ್ತುವುದು ಇಂಥ ಸುಣ್ಣದ ಪುಡಿಯನ್ನು.

ಚಲನೆ ಹಿಡಿಯುವ ರೋಮಕೋಶಗಳು ಒಂದು ಕಿವಿಗೆ ಸುಮಾರು 70 ಸಾವಿರ. ಸ್ವೀಡನ್ನಿನಲ್ಲಿ 1970ರ ದಶಕದ ಆರಂಭದಲ್ಲಿ ಒಂದೊಂದಾಗಿ ಎಣಿಸಿ ನೋಡಿದಾಗ ಎಪ್ಪತ್ತು ದಾಟಿದವರ ಅರೆವೃತ್ತದ ಕೊಳವೆಗಳಲ್ಲಿ ಶೇ 40ರಷ್ಟು ಕೋಶಗಳು ಸತ್ತುಹೋಗಿದ್ದವು. ಆದರೂ ಎಪ್ಪತ್ತರ ಮುದುಕರು ಶೇ 40ರಷ್ಟು ಸಲ ಬೀಳುವುದಿಲ್ಲ. ಅದೇಕೆಂದು ಮುಂದೆ ನೋಡೋಣ.

ಮೊದಲು ಒಂದು ಪರೀಕ್ಷೆ ಮಾಡಿ. ಈ ಪುಟವನ್ನು ಮೊಳದ ದೂರದಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗ ಆಡಿಸಿ. ಅಕ್ಷರ ಕಲಸಿಹೋಗುತ್ತದೆ. ಈಗ ಪುಟವನ್ನು ಅಲುಗಿಸದೆ ಹಿಡಿದು, ಅಷ್ಟೇ ವೇಗವಾಗಿ ತಲೆಯನ್ನು ‘ಇಲ್ಲ ಇಲ್ಲ’ ಎಂಬಂತೆ ಆಡಿಸಿ. ಸರಾಗವಾಗಿ ಓದಬಹುದು. ತಲೆ ಬಲಕ್ಕೆ ಹೊರಳಿದ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಿವಿಯ ಕೊಳವೆ ಕಣ್ಣನ್ನು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ತಿರುಗಿಸಿರುತ್ತದೆ. ನಡುವೆ ಇರುವುದು ಮೂರೇ ನರಕೋಶಗಳ ಸರಪಳಿ. ದೇಹದ ಅತಿ ಚುರುಕಿನ ಪ್ರತಿವರ್ತನೆಗಳಲ್ಲಿ ಇದೊಂದು, ರೆಪ್ಪೆ ಬಡಿಯುವುದು ಇದರ ಮುಂದೆ ಎತ್ತಿನ ಗಾಡಿ.

ಇದು ಕೆಟ್ಟರೆ ಏನಾಗುತ್ತದೆ ಎಂಬುದನ್ನು 1952ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಒಬ್ಬ ವೈದ್ಯ ತನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಿ ಬರೆದ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅವನ ಎರಡೂ ಕಿವಿಯ ರೋಮಕೋಶಗಳನ್ನು ಹಾಳುಮಾಡಿತ್ತು. ಮಲಗಿ ಪುಸ್ತಕ ಓದಲು ಹೋದರೆ, ನಾಡಿ ಬಡಿದಾಗಲೆಲ್ಲ ತಲೆ ಕೂದಲೆಳೆಯಷ್ಟು ಅಲುಗಿ ಅಕ್ಷರಗಳು ಕುಣಿಯುತ್ತಿದ್ದವು. ಆಸ್ಪತ್ರೆ ಮಂಚದ ಎರಡು ಕಬ್ಬಿಣದ ಸರಳುಗಳ ನಡುವೆ ತಲೆ ಸಿಕ್ಕಿಸಿಕೊಂಡು ಅವನು ಓದಬೇಕಾಗಿತ್ತು. ಎದೆಬಡಿತದಿಂದ ತಲೆ ಅಲುಗುತ್ತದೆಂಬುದು ನಮಗೆ ಗೊತ್ತೇ ಆಗದ ಹಾಗೆ ಆ ಕೊಳವೆಗಳು ಹುಟ್ಟಿನಿಂದ ದುಡಿದಿವೆ.

ಅವನು ಮತ್ತೆ ನಡೆದ, ಓಡಾಡಿದ. ಏಕೆಂದರೆ ಕಿವಿ ಒಂಟಿ ಕಾವಲುಗಾರನಲ್ಲ. ಕಣ್ಣು ಎರಡನೆಯದು. ಪಾದದ ಚರ್ಮ, ಕೀಲು, ಸ್ನಾಯುಗಳ ಒಳಗಿನ ಸುದ್ದಿಗಾರರು ಮೂರನೆಯದು. ಒಂದೊಂದು ಪಾದದಲ್ಲೇ 26 ಮೂಳೆ, 33 ಕೀಲು. ಅಮೆರಿಕದ ರಾಬರ್ಟ್ ಪೀಟರ್ಕ 2002ರಲ್ಲಿ ತೋರಿಸಿದ ಲೆಕ್ಕ ಇದು: ಬೆಳಕಿರುವ ಕೋಣೆಯಲ್ಲಿ ಗಟ್ಟಿ ನೆಲದ ಮೇಲೆ ನಿಂತ ಆರೋಗ್ಯವಂತನ ಮಿದುಳು ಕಾಲಿನ ಮಾತನ್ನು ಶೇ 70, ಕಿವಿಯ ಮಾತನ್ನು ಶೇ 20, ಕಣ್ಣಿನ ಮಾತನ್ನು ಶೇ 10ರಷ್ಟು ನಂಬುತ್ತದೆ. ಈ ಪಾಲು ಕಲ್ಲಿನ ಮೇಲೆ ಬರೆದದ್ದಲ್ಲ. ಉಳುಮೆ ಮಾಡಿದ ಹೊಲಕ್ಕೆ ಇಳಿದ ಕೂಡಲೇ ಕಾಲಿನ ಮಾತು ಸೋಲುತ್ತದೆ, ಕಿವಿಯ ಮಾತು ಗೆಲ್ಲುತ್ತದೆ. ಬರ್ಲಿನ್ನಿನ ಮೊರಿಟ್ಸ್ ರಾಂಬರ್ಗ್ 1846ರಲ್ಲೇ ಇದರ ಒಂದು ತುದಿ ಹಿಡಿದಿದ್ದ. ಕಾಲಿನ ಅರಿವು ಕಳೆದುಕೊಂಡ ರೋಗಿಗಳು ಕಣ್ಣು ಬಿಟ್ಟಿರುವವರೆಗೆ ನಿಲ್ಲುತ್ತಿದ್ದರು, ಮುಚ್ಚಿದರೆ ಜೋಲಿ ಹೊಡೆಯುತ್ತಿದ್ದರು. ಇಂದಿಗೂ ನರವೈದ್ಯರು ‘ಪಾದ ಜೋಡಿಸಿ, ಕಣ್ಣು ಮುಚ್ಚಿ’ ಎನ್ನುವುದು ಅವನ ಪರೀಕ್ಷೆಯೇ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹಗಲಿಡೀ ಓಡಾಡಿಕೊಂಡಿದ್ದು, ರಾತ್ರಿ ಕರೆಂಟು ಹೋದಾಗ ಬಚ್ಚಲಲ್ಲಿ ಬೀಳುವ ಗುಟ್ಟೂ ಇದೇ.

ನಮ್ಮ ಸೀಮೆಯಲ್ಲಿ ಈ ವಿದ್ಯೆಯ ಪಂಡಿತರು ಬೇಕಾದಷ್ಟಿದ್ದಾರೆ, ಅವರಿಗೆ ಅದು ಗೊತ್ತಿಲ್ಲ ಅಷ್ಟೆ. ಸಿಂಬಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಒಂದು ಕೈಯಲ್ಲಿ ಕುಡುಗೋಲು ಹಿಡಿದು, ತೋಟದ ಬದುವಿನ ಮೇಲೆ ಹುಳದ ಮನೆಗೆ ನಡೆಯುವ ಹೆಂಗಸನ್ನು ಗಮನಿಸಿ. ಕತ್ತಿನಿಂದ ಮೇಲೆ ಏನೂ ಅಲುಗುವುದಿಲ್ಲ, ಸೊಂಟದಿಂದ ಕೆಳಗೆ ಯಾವುದೂ ಸುಮ್ಮನಿರುವುದಿಲ್ಲ. ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ತೂಕದ ಶೇ 20ರಷ್ಟು ಭಾರವನ್ನು ತಲೆಯ ಮೇಲೆ ಹೊತ್ತರೂ ಖಾಲಿ ನಡೆಯುವುದಕ್ಕಿಂತ ಹೆಚ್ಚು ಉಸಿರು ಖರ್ಚು ಮಾಡುವುದಿಲ್ಲವೆಂದು 1986ರಲ್ಲಿ ಅಳೆದು ತೋರಿಸಿದಾಗ ವಿಜ್ಞಾನಿಗಳು ಬೆರಗಾದರು. ಕರಗ ಹೊತ್ತವರು ಕೈ ತಾಗಿಸದೆ ರಾತ್ರಿಯಿಡೀ ಹೆಜ್ಜೆ ಹಾಕುವುದನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಯಾರೂ ಅಳೆದು ತೋರಿಸಬೇಕಾಗಿಲ್ಲ.

ಮೂರು ಕಡೆಯ ಸುದ್ದಿಯನ್ನು ತಾಳೆ ಹಾಕುವ ಕಚೇರಿಗಳಲ್ಲಿ ಹಿರಿಯದು ಹಿಮ್ಮಿದುಳು. ತೂಕ ಸುಮಾರು 150 ಗ್ರಾಂ, ಮಿದುಳಿನ ಹತ್ತನೇ ಒಂದು ಭಾಗ. ಆದರೆ ಮಿದುಳಿನ ಒಟ್ಟು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಕೂತಿವೆ. ಭೂಮಿಯ ಮೇಲಿನ ಜನಸಂಖ್ಯೆಯ ಎಂಟು ಪಟ್ಟು! ಕಿವಿಯ ಶೇ 40 ಕೋಶಗಳು ಸತ್ತರೂ ಮುದುಕರು ನಿಂತಿರುವುದು ಈ ಕಚೇರಿ ಹಳೆಯ ಲೆಕ್ಕವನ್ನು ತಿದ್ದಿ ತಿದ್ದಿ ಬರೆಯುತ್ತಿರುವುದರಿಂದ. ತಿದ್ದಲು ಕೆಲಸ ಕೊಡದಿದ್ದರೆ ಅದೂ ಜಡವಾಗುತ್ತದೆ. 2025ರ ಜುಲೈ 15ರಂದು ಬಾಹ್ಯಾಕಾಶ ನಿಲ್ದಾಣದಲ್ಲಿ 18 ದಿನ ಕಳೆದು ಇಳಿದ ಶುಭಾಂಶು ಶುಕ್ಲಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಯುದ್ಧವಿಮಾನ ಹಾರಿಸಿದವರು. ಅವರೇ ಇನ್ನೊಬ್ಬರ ಆಸರೆಯಲ್ಲಿ ಹೆಜ್ಜೆ ಹಾಕುತ್ತ ನಡಿಗೆ ರೂಢಿಸಿಕೊಳ್ಳಬೇಕಾಯಿತು. ಹದಿನೆಂಟು ದಿನ ಹರಳಿಗೆ ತೂಕವಿಲ್ಲ, ಪಾದಕ್ಕೆ ನೆಲವಿಲ್ಲ, ಅಷ್ಟೇ. ಹಾಗಾದರೆ ಮೊಣಕಾಲು ನೋವೆಂದು ಮೂರು ತಿಂಗಳು ಮಂಚ ಹಿಡಿದ ಅಜ್ಜಿಯ ಗತಿ?

ಅಂಬಾಜಿದುರ್ಗ ಹೋಬಳಿಯ ಅಂಥ ಒಬ್ಬ ಅಜ್ಜಿ ಫಿಸಿಯೋಥೆರಪಿ ಕೋಣೆಗೆ ಬಂದರು ಎಂದಿಟ್ಟುಕೊಳ್ಳಿ. ಥೆರಪಿಸ್ಟ್ ಹತ್ತಿರ ಇರುವ ಸಾಮಾನು: ಕೈಯಿರುವ ಒಂದು ಕುರ್ಚಿ, ಮೂರು ಮೀಟರ್ ದೂರದಲ್ಲಿ ನೆಲಕ್ಕೆ ಅಂಟಿಸಿದ ಪಟ್ಟಿ, ಮೊಬೈಲಿನ ಗಡಿಯಾರ.

‘ಅಜ್ಜಿ, ಎದ್ದು ಆ ಪಟ್ಟಿ ತನಕ ಹೋಗಿ, ತಿರುಕ್ಕೊಂಡು ಬಂದು ಕೂತ್ಕೊಳಿ. ನೀವು ದಿನಾ ನಡೆಯೋ ಹಾಗೇ, ಅವಸರ ಬೇಡ.’

‘ಇದನ್ನ ನೋಡೋಕೆ ಬಸ್ ಚಾರ್ಜು ಕೊಟ್ಕೊಂಡು ಬರಬೇಕಿತ್ತೇನಮ್ಮ?’ ಎನ್ನುತ್ತ ಅಜ್ಜಿ ಕುರ್ಚಿಯ ಕೈ ಒತ್ತಿ ಏಳುತ್ತಾರೆ. ಹೋಗುವಾಗ ಚೆನ್ನಾಗಿಯೇ ಹೋದರು. ತಿರುಗುವಾಗ ನಿಂತು, ಆರು ಚಿಕ್ಕ ಹೆಜ್ಜೆ ಇಟ್ಟು, ಗೋಡೆಗೆ ಬೆರಳು ತಾಗಿಸಿದರು. ಕೂರುವಾಗ ಧೊಪ್ಪನೆ ಬಿದ್ದರು. 17 ಸೆಕೆಂಡು.

1991ರಲ್ಲಿ ಕೆನಡಾದಲ್ಲಿ ರೂಪುಗೊಂಡ ಈ ಪರೀಕ್ಷೆಯಲ್ಲಿ 12 ಸೆಕೆಂಡು ಮುಟ್ಟಿದರೆ ಬೀಳುವ ಅಪಾಯವಿದೆಯೆಂದು ಲೆಕ್ಕ. ಪಳಗಿದ ಥೆರಪಿಸ್ಟ್ ಗಡಿಯಾರಕ್ಕಿಂತ ಆ ಆರು ಹೆಜ್ಜೆಯನ್ನೂ ಗೋಡೆಗೆ ತಾಗಿದ ಬೆರಳನ್ನೂ ಬರೆದುಕೊಳ್ಳುತ್ತಾರೆ. ನಮ್ಮ ಕಡೆ ಇನ್ನೊಂದನ್ನೂ ನೋಡಬೇಕು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇರುವ ಕೊಳವೆಬಾವಿ ನೀರು ಕುಡಿದು ಬೆಳೆದವರಲ್ಲಿ ಬೆನ್ನು, ಕೀಲು ಬಿಗಿದಿರಬಹುದು. ಮಡಚದ ಕೀಲು ತೂಗಲಾರದು. ಆಮೇಲೆ ಬರ್ಗ್ ಮಾಪನ: ನೆಲದಲ್ಲಿ ಬಿದ್ದದ್ದನ್ನು ಎತ್ತುವುದು, ಹಿಂದೆ ತಿರುಗಿ ನೋಡುವುದು, ಒಂಟಿಕಾಲಲ್ಲಿ ನಿಲ್ಲುವುದು ಹೀಗೆ 14 ಕೆಲಸ, ಒಂದೊಂದಕ್ಕೆ 4 ಅಂಕ, ಒಟ್ಟು 56. 45ಕ್ಕಿಂತ ಕೆಳಗೆ ಬಂದರೆ ಎಚ್ಚರ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಪಕರಣವೇ ಇಲ್ಲದ ಪರೀಕ್ಷೆ. ಸ್ವೀಡನ್ನಿನಲ್ಲಿ 1997ರಲ್ಲಿ 58 ಮಂದಿ ವೃದ್ಧರ ಜೊತೆ ನಡೆಯುತ್ತ ಮಾತಿಗೆಳೆದರು. ಉತ್ತರ ಕೊಡಲು 12 ಮಂದಿ ನಿಂತುಬಿಟ್ಟರು. ಆರು ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಬಿದ್ದಿದ್ದರು. ನಡಿಗೆಗೇ ಮಿದುಳಿನ ಪೂರ್ತಿ ಗಮನ ಬೇಕಾದಾಗ ಮಾತಿಗೆ ಉಳಿಯುವುದೇನು?

ಯಂತ್ರಗಳೂ ಇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕಣ್ಣಿನ ಚಲನೆ, ಕಿವಿಯ ಪ್ರತಿಕ್ರಿಯೆ ಅಳೆಯುತ್ತಾರೆ. ಕಿವಿಗೆ ಒಮ್ಮೆ 30 ಡಿಗ್ರಿ, ಒಮ್ಮೆ 44 ಡಿಗ್ರಿಯ ನೀರು ಹಾಯಿಸಿ ಕಣ್ಣು ಅದುರುವುದನ್ನು ನೋಡುವ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಮೈಶಾಖಕ್ಕಿಂತ ಏಳು ಡಿಗ್ರಿ ಕೆಳಗೆ, ಏಳು ಡಿಗ್ರಿ ಮೇಲೆ. ಈ ತತ್ವ ಕಂಡುಕೊಂಡ ರಾಬರ್ಟ್ ಬರಾನಿಗೆ 1914ರ ನೊಬೆಲ್ ಸಿಕ್ಕ ಸುದ್ದಿ ಮುಟ್ಟಿದ್ದು ರಷ್ಯನ್ನರ ಸೆರೆಯಲ್ಲಿದ್ದಾಗ.

ಇನ್ನು ತಲೆಸುತ್ತಿನ ವಿಚಾರ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದ ಮೇಲಿನ ಡಬ್ಬಕ್ಕೆ ಕತ್ತೆತ್ತಿದರೆ ಇಡೀ ಮನೆ ಗಿರ್ರನೆ ತಿರುಗಿ ಅರ್ಧ ನಿಮಿಷದಲ್ಲಿ ನಿಲ್ಲುವ ಒಂದು ಬಗೆ ಇದೆ. ಚೀಲದಲ್ಲಿರಬೇಕಾದ ಆ ಹತ್ತು ಮೈಕ್ರಾನ್ ಹರಳುಗಳು ಕಳಚಿ ಕೊಳವೆಯೊಳಗೆ ಸೇರಿಕೊಂಡಿರುತ್ತವೆ. ಅಮೆರಿಕದ ಜಾನ್ ಎಪ್ಲಿ ‘ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಹಿಂದಕ್ಕೆ ಉರುಳಿಸೋಣ’ ಎಂದಾಗ ಸಹೋದ್ಯೋಗಿಗಳು ನಂಬಲಿಲ್ಲ. 1992ರಲ್ಲಿ ಪ್ರಬಂಧ ಅಚ್ಚಾಯಿತು. ಇಂದು ಅದೇ ಮೊದಲ ಚಿಕಿತ್ಸೆ. ನಾಲ್ಕೈದು ಭಂಗಿ, ಒಂದೊಂದರಲ್ಲೂ ಅರ್ಧದಿಂದ ಒಂದು ನಿಮಿಷ. ಹತ್ತರಲ್ಲಿ ಎಂಟು ಮಂದಿಗೆ ಒಂದೇ ಸಲಕ್ಕೆ ವಾಸಿ. ಔಷಧದ ಖರ್ಚು ಸೊನ್ನೆ. ಇಷ್ಟಿದ್ದೂ ನಮ್ಮಲ್ಲಿ ತಲೆಸುತ್ತು ಎಂದವರ ಕೈಗೆ ತಿಂಗಳುಗಟ್ಟಲೆ ಮಾತ್ರೆಯ ಪಟ್ಟಿ ಬಂದು ಕೂರುತ್ತದೆ. ವಾಂತಿ ತಡೆಯದ ಮೊದಲ ಒಂದೆರಡು ದಿನಕ್ಕೆ ಆ ಮಾತ್ರೆ ಸರಿ. ಆಮೇಲೆ ಅದು ಮಿದುಳು ಹೊಸ ಲೆಕ್ಕ ಕಲಿಯುವುದನ್ನೇ ಮಂಕಾಗಿಸುತ್ತದೆ.

ಕಲಿಸುವುದು ಹೇಗೆ? ಬೀಳುವ ಅಂಚಿಗೆ ಒಯ್ದು, ಬೀಳಗೊಡದೆ ಹಿಡಿದು. ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಒಂದರ ಮುಂದೊಂದು, ಆಮೇಲೆ ಒಂಟಿಕಾಲು. ಗಟ್ಟಿ ನೆಲದಿಂದ ಸ್ಪಂಜಿನ ಹಾಸಿಗೆಗೆ, ಕಣ್ಣು ತೆರೆದದ್ದರಿಂದ ಮುಚ್ಚಿದ್ದಕ್ಕೆ, ಸುಮ್ಮನಿದ್ದದ್ದರಿಂದ ನೂರರಿಂದ ಹಿಂದಕ್ಕೆ ಎಣಿಸುವುದಕ್ಕೆ. ಕಿವಿ ಕೆಟ್ಟವರಿಗೆ ಗೋಡೆಯ ಮೇಲಿನ ಅಕ್ಷರವನ್ನೇ ನೋಡುತ್ತ ತಲೆ ಆಡಿಸುವ ಅಭ್ಯಾಸ ದಿನಕ್ಕೆ ಕನಿಷ್ಠ 12 ನಿಮಿಷ, ಹಳೆಯ ತೊಂದರೆಯಾದರೆ 20. ಸೆಕೆಂಡಿಗೆ ಒಂದು ಸಲವೆಂದರೂ ದಿನಕ್ಕೆ 720 ಸಲ. ಮೊದಲ ವಾರ ಸುತ್ತು ಹೆಚ್ಚಾಗಬಹುದು. ಅಲ್ಲೇ ಬಹಳ ಮಂದಿ ಬಿಟ್ಟುಬಿಡುತ್ತಾರೆ, ಅಲ್ಲೇ ಥೆರಪಿಸ್ಟ್‌ನ ನಿಜವಾದ ಕೆಲಸ ಶುರು.

ಫಲವಿದೆಯೇ? 2019ರಲ್ಲಿ 108 ಪ್ರಯೋಗಗಳ, 23,407 ಹಿರಿಯರ ಲೆಕ್ಕವನ್ನು ಒಟ್ಟು ಹಾಕಿ ನೋಡಿದಾಗ ವ್ಯಾಯಾಮ ಬೀಳುವುದನ್ನು ಶೇ 23ರಷ್ಟು ತಗ್ಗಿಸಿತ್ತು. ಬ್ರೆಜಿಲ್ಲಿನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಹತ್ತು ಸೆಕೆಂಡು ಒಂಟಿಕಾಲಲ್ಲಿ ನಿಲ್ಲಿಸಿದರು. ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಮುಂದಿನ ಏಳು ವರ್ಷಗಳಲ್ಲಿ ನಿಂತವರ ಪೈಕಿ ಸತ್ತವರು ಶೇ 4.6, ನಿಲ್ಲಲಾರದವರ ಪೈಕಿ ಶೇ 17.5. ಒಂಟಿಕಾಲು ಆಯುಷ್ಯ ಕೊಡುತ್ತದೆಂದು ಇದರ ಅರ್ಥವಲ್ಲ, ನಿಲ್ಲಲಾರದವರಲ್ಲಿ ಬೇರೆ ಕಾಯಿಲೆಗಳೂ ಹೆಚ್ಚಿದ್ದವು. ಆದರೂ ಹತ್ತು ಸೆಕೆಂಡು ಇಷ್ಟು ಹೇಳುತ್ತದೆಂದರೆ ಅಳೆಯದಿರುವುದು ದಡ್ಡತನ. ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ 6,84,000 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಶೇ 80ಕ್ಕೂ ಹೆಚ್ಚು ನಮ್ಮಂಥ ದೇಶಗಳವರು. ಚಿಂತಾಮಣಿಯ ಪಕ್ಕದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 45 ದಾಟಿದ ಹತ್ತು ಸಾವಿರ ಜನರ ಮಿದುಳು ಹೇಗೆ ಮುಪ್ಪಾಗುತ್ತದೆಂದು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಹಾಕಿಕೊಂಡಿದೆ. ಮುದ್ದೆ ಉಂಡು ಹೊಲ ಗೇದವರ ಮಿದುಳಿನ ಲೆಕ್ಕ ಕೊನೆಗೂ ನಮ್ಮವರಿಂದಲೇ ಸಿಗಲಿದೆ.

ಅಲ್ಲಿಯವರೆಗೆ ಕಾಯಬೇಡಿ. ಈ ಭಾನುವಾರ ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಮೂರು ಮೀಟರ್ ಅಳೆದು, ಮೊಬೈಲಿನಲ್ಲಿ ಸಮಯ ನೋಡಿ. ಕೈಗೆಟಕುವಷ್ಟು ಹತ್ತಿರ ನೀವು ಜೊತೆಗೇ ನಡೆಯಿರಿ. 12 ಮುಟ್ಟಿದರೆ ‘ವಯಸ್ಸಾಯ್ತು’ ಎನ್ನದೆ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ಯಿರಿ. ತಲೆಸುತ್ತು ಎಂದರೆ, ಯಾವ ಮಗ್ಗುಲಿಗೆ ಹೊರಳಿದಾಗ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಂಡು ಕಿವಿ ವೈದ್ಯರಿಗೆ ತೋರಿಸಿ. ಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ಕೈಯೋ ಕಾಲೋ ಸೋತರೆ, ಒಂದು ವಸ್ತು ಎರಡಾಗಿ ಕಂಡರೆ ಅದು ಪಾರ್ಶ್ವವಾಯು ಇರಬಹುದು. ಬೆಳಗಾಗಲಿ ಎಂದು ಕೂರಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ.